ಪದಚರ್ಚೆ: ವ್ಯಾಂಪೈರ್ 'ಬಂತು' ಅನ್ನಬೇಕೋ, 'ಬಂದ' ಅನ್ನಬೇಕೋ?

ಗೆಳೆಯರೇ,

ಒಂದು ಸಿನಿಮಾದ ಬಗ್ಗೆ ನೋಡಿದವರ ಅನಿಸಿಕೆಗಳನ್ನು ಕೂಡಿಸಿ ಕನ್ನಡದಲ್ಲಿ ಬರಹ ಮಾಡುತ್ತಿದ್ದೇನೆ. ಸಿನಿಮಾ 'ಡೇಬ್ರೇಕರ್ಸ್'. ಸ್ಪಿಯರಿಗ್ ಸಹೋದರರು ಬರೆದು ನಿರ್ದೇಶಿಸಿದ್ದು. 2009ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ತೋರಿಸಿದರು, ಅಮೆರಿಕದ ಥಿಯೇಟರುಗಳಿಗೆ ಬಂದದ್ದು 2010ರ ಜನವರಿಯಲ್ಲಿ. ಹಳೆಯ ಚಿತ್ರವೇ. ಆದರೂ ವ್ಯಾಂಪೈರ್ ಸಿನಿಮಾಗಳ ಮಾತು ಬಂದು, ಹೊಸ ಐಡಿಯಾ ಯಾವುದರಲ್ಲಿತ್ತು ಎಂದು ಕೇಳಿದರೆ ಯಾರಾದರೂ ಒಬ್ಬರು ಇದರ ಹೆಸರು ತೆಗೆಯುತ್ತಾರೆ. ಬರಹ ಈಗ ಅರ್ಧಕ್ಕೆ ನಿಂತಿದೆ, ಒಂದು ಕ್ರಿಯಾಪದದ ಬಾಲ ಹಿಡಿದುಕೊಂಡು.

ನೋಡದವರಿಗಾಗಿ ಕತೆ ಇಷ್ಟು. ವರ್ಷ 2019. ಹತ್ತು ವರ್ಷದ ಹಿಂದೆ ಹಬ್ಬಿದ ಸೋಂಕಿನಿಂದ ಭೂಮಿಯ ಮೇಲಿನ ಬಹುಪಾಲು ಜನ ವ್ಯಾಂಪೈರ್ ಆಗಿದ್ದಾರೆ. ವಯಸ್ಸಾಗುವುದಿಲ್ಲ, ಮುಪ್ಪಿನಿಂದ ಸಾಯುವುದಿಲ್ಲ. ಮಿಕ್ಕದ್ದೆಲ್ಲ ಮೊದಲಿನ ಹಾಗೇ: ಆಫೀಸು, ಪೊಲೀಸು, ಟೈ-ಕೋಟು. ಎಲ್ಲರಿಗೂ ರಾತ್ರಿ ಪಾಳಿ, ಅಷ್ಟೇ. ಹಗಲು ಓಡಿಸುವ ಕಾರಿಗೆ ಬಿಸಿಲು ಬೀಳದಂತೆ ಗಾಜು ಮುಚ್ಚಿಕೊಳ್ಳುತ್ತದೆ, ರಸ್ತೆಯನ್ನು ಕ್ಯಾಮೆರಾದಲ್ಲಿ ನೋಡಿಕೊಂಡು ಓಡಿಸಬೇಕು. ರಕ್ತ ಬೆರೆಸಿದ ಕಾಫಿ ಮಾರುತ್ತಾರೆ. ಉಳಿದಿರುವ ಚೂರುಪಾರು ಮನುಷ್ಯರನ್ನು ಹಿಡಿದು, ಸಾಲಾಗಿ ಯಂತ್ರಕ್ಕೆ ಸಿಕ್ಕಿಸಿ ರಕ್ತ ಇಳಿಸಿಕೊಳ್ಳುವ ದೊಡ್ಡ ಕಂಪನಿಯೊಂದಿದೆ. ಆ ರಕ್ತ ಮುಗಿಯುತ್ತಾ ಬಂದಿದೆ. ಬದಲಿ ರಕ್ತ ಕಂಡುಹಿಡಿಯಲು ಒದ್ದಾಡುವ ತಜ್ಞ ಎಡ್ವರ್ಡ್ ಡಾಲ್ಟನ್, ಅಂದರೆ ಈಥನ್ ಹಾಕ್, ತಾನೂ ವ್ಯಾಂಪೈರ್. ಆದರೆ ಮನುಷ್ಯರ ರಕ್ತ ಕುಡಿಯಲು ಒಲ್ಲ. ಕೊನೆ ಹೇಳುವುದಿಲ್ಲ, ಇನ್ನೂ ನೋಡುವವರಿರಬಹುದು.

ವ್ಯಾಂಪೈರ್‌ಗೆ ಕನ್ನಡದಲ್ಲಿ ಏನನ್ನಬೇಕು ಎಂಬುದು ಹಳೇ ಜಗಳ. 'ರಕ್ತಪಿಶಾಚಿ' ಬಳಕೆಯಲ್ಲಿದೆ. 'ರಕ್ತಪಿಪಾಸು' ಅಂತಲೂ ಬರೆಯುತ್ತಾರೆ, ಆದರೆ ಅದನ್ನು ಕೊಲೆಗಡುಕನಿಗೂ ಸರ್ವಾಧಿಕಾರಿಗೂ ಅಂಟಿಸಿ ಅಂಟಿಸಿ ಹಲ್ಲೇ ಉದುರಿಹೋಗಿದೆ. 'ಬೇತಾಳ' ಅನ್ನೋಣವೇ? ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕತೆಗಳನ್ನು ಇಂಗ್ಲಿಷಿಗೆ ತಂದಾಗ 'ವಿಕ್ರಮ್ ಅಂಡ್ ದಿ ವ್ಯಾಂಪೈರ್' ಎಂದೇ ಹೆಸರಿಟ್ಟ. ಆದರೆ ನಮ್ಮ ಬೇತಾಳ ಹೆಣದೊಳಗೆ ಸೇರಿಕೊಳ್ಳುತ್ತದೆ, ಮರಕ್ಕೆ ನೇತಾಡುತ್ತದೆ, ಹೆಗಲೇರಿ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ರಕ್ತ ಕುಡಿಯುವುದು ಅದರ ಮುಖ್ಯ ಕಸುಬಲ್ಲ. ಹಾಗಾಗಿ ನಾನು ವ್ಯಾಂಪೈರ್ ಎಂದೇ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿಗೂ ಅದು ಹೊರಗಿನ ಪದವೇ. 18ನೇ ಶತಮಾನದಲ್ಲಿ ಸರ್ಬಿಯಾ ಕಡೆಯಿಂದ ಹೊರಟು ಜರ್ಮನ್, ಫ್ರೆಂಚ್ ದಾಟಿ ಅಲ್ಲಿಗೆ ಬಂತು. ಅವರು ಎರವಲು ತಂದದ್ದನ್ನು ನಾವೂ ತಂದರೆ ಗಂಟೇನು ಹೋಗುವುದಿಲ್ಲ. ಈ ಜಗಳ ಮತ್ತೆ ಬೇಡ.

ನನ್ನ ತೊಡಕು ಆಮೇಲಿನದು. ಇಂಗ್ಲಿಷಿನವರು ಕ್ರಿಯಾಪದದಲ್ಲಿ ಗಂಡೋ ಹೆಣ್ಣೋ ವಸ್ತುವೋ ಏನೂ ಹೇಳದೆ ದಾಟಿಕೊಂಡುಬಿಡುತ್ತಾರೆ. ನಾವು ವಾಕ್ಯ ಮುಗಿಸಬೇಕಾದರೆ ಬಂದನೋ, ಬಂದಳೋ, ಬಂತೋ ಹೇಳಲೇಬೇಕು. ದೆವ್ವ ಬಂತು. ಭೂತ ಬಂತು. ಪಿಶಾಚಿ ಬಂತು. ಆದರೆ ರಾಕ್ಷಸ ಬಂದ, ಮೋಹಿನಿ ಬಂದಳು. ಯಾಕೆ ಹೀಗೆ? ನನಗೆ ತೋಚಿದ ಕಾರಣ: ರಾಕ್ಷಸನಿಗೆ ಹೆಂಡತಿ ಇದ್ದಾಳೆ, ತಂಗಿ ಇದ್ದಾಳೆ, ಊರಿದೆ, ಅರಮನೆ ಇದೆ. ಅವನು ಕೆಟ್ಟವನಿರಬಹುದು, ಆದರೆ ಒಬ್ಬ ಆಳು. ದೆವ್ವಕ್ಕೆ ಸಂಸಾರವಿಲ್ಲ. ಡ್ರಾಕುಲಾನನ್ನೂ 'ಬಂದ' ಅಂತಲೇ ಬರೆಯುತ್ತೇವೆ, ಯಾಕೆಂದರೆ ಬ್ರಾಮ್ ಸ್ಟೋಕರ್ 1897ರಲ್ಲಿ ಅವನಿಗೊಂದು ಪದವಿ, ಒಂದು ಕೋಟೆ ಕೊಟ್ಟೇ ಕಳಿಸಿದ. ಬೇತಾಳ ಮಾತ್ರ ನಡುಬೀದಿಯಲ್ಲಿದೆ. 'ಬೇತಾಳನ ಕತೆ' ಎಂದು ಬರೆದ ಕೈಯೇ ಮರುಗಳಿಗೆಯಲ್ಲಿ 'ಬೇತಾಳ ಹೇಳಿತು' ಅನ್ನುತ್ತದೆ. ನೋಡಿ, ಮೇಲಿನ ಪ್ಯಾರಾದಲ್ಲೇ ಎರಡೂ ಇವೆ.

ಇದನ್ನು ಆ ಸಿನಿಮಾಕ್ಕೆ ಹಚ್ಚಿ. 'ರಕ್ತಪಿಶಾಚಿ ಕಾಫಿ ಕುಡಿದು ಆಫೀಸಿಗೆ ಹೋಯಿತು.' ನಗು ಬರುತ್ತದೆ ಅಲ್ವಾ? 'ವ್ಯಾಂಪೈರ್ ಕಾಫಿ ಕುಡಿದು ಆಫೀಸಿಗೆ ಹೋದ' ಎಂದರೆ ಕೂಡಲೇ ಸರಿಹೋಗುತ್ತದೆ, ಸ್ವಲ್ಪ ಅಯ್ಯೋ ಪಾಪ ಅಂತಲೂ ಅನಿಸುತ್ತದೆ. ಚಿತ್ರದ ಹೊಸತನ ಏನಿದೆಯೋ ಅದೆಲ್ಲ ನಮ್ಮ ಭಾಷೆಯಲ್ಲಿ ಈ 'ಹೋಯಿತು', 'ಹೋದ'ಗಳ ನಡುವೆ ಕೂತಿದೆ ಎಂಬುದು ನನ್ನ ವಾದ. ಮನುಷ್ಯರೊಳಗೆ ಒಂದು ಪಿಶಾಚಿ ಹೊಕ್ಕ ಕತೆಗಳು ಬೇಕಾದಷ್ಟಿವೆ. ಪಿಶಾಚಿಗಳೇ ಊರಿನ ಜನವಾಗಿ, ಜನವೇ ಮೇವಾಗುವ ಕತೆಗೆ ನಮ್ಮಲ್ಲಿ ಪ್ರತ್ಯಯ ತಯಾರಿಲ್ಲ.

ಕಾಫಿ ಅಂಗಡಿಯ ದೃಶ್ಯ ಬರೆಯುವಾಗ ಇದು ಕಣ್ಣಿಗೆ ಹೊಡೆಯಿತು. ಕೆಲಸಕ್ಕೆ ಹೊರಟ ಜನ ಸುಮ್ನೆ ಕ್ಯೂ ನಿಂತಿರುತ್ತಾರೆ. ಕಾಫಿಯಲ್ಲಿ ರಕ್ತದ ಪಾಲು ಇಳಿಸಿದ್ದಾರೆಂದು ಗೊತ್ತಾಗುತ್ತದೆ. ಗಲಾಟೆ ಶುರುವಾಗುತ್ತದೆ. 'ನಿಂತಿದ್ದರು' ಎಂದು ಆರಂಭಿಸಿದ ನನ್ನ ವಾಕ್ಯ, ಕೋರೆಹಲ್ಲು ಹೊರಬೀಳುವ ಹೊತ್ತಿಗೆ ತಾನಾಗಿಯೇ 'ಮುಗಿಬಿದ್ದವು' ಎಂದು ಮುಗಿಯಿತು. ಅಳಿಸಿ 'ಮುಗಿಬಿದ್ದರು' ಮಾಡಲೋ? ನನಗೆ ಮನಸ್ಸಾಗಲಿಲ್ಲ. ಒಂದೇ ದೃಶ್ಯದಲ್ಲಿ ಜನ 'ಅವರು' ಇದ್ದವರು 'ಅವು' ಆಗುವುದನ್ನು ಒಂದು ಅಕ್ಷರದಲ್ಲಿ ತೋರಿಸಲು ಕನ್ನಡದಲ್ಲಿ ಸಾಧ್ಯವಾಗುವಾಗ ಬಿಡುವುದೇಕೆ? ವ್ಯಾಕರಣ ಓದಿಸುವವರು ಇದನ್ನು ಪ್ರಯೋಗದೋಷ ಎನ್ನಬಹುದು. ನಿಮ್ಮ ಅಭಿಪ್ರಾಯ ಬೇಕು.

ಇನ್ನೊಂದು ದೃಶ್ಯ ಇನ್ನೂ ಗಟ್ಟಿ. ರಕ್ತ ಸಿಗದೆ ಹಸಿದವರು ಕ್ರಮೇಣ ಕೆಟ್ಟು, ಕಿವಿ ಚೂಪಾಗಿ, ರೆಕ್ಕೆ ಬಂದು ಬಾವಲಿಯಂತಾಗುತ್ತಾರೆ. ಚಿತ್ರದಲ್ಲಿ ಅವರನ್ನು ಸಬ್‌ಸೈಡರ್ ಅನ್ನುತ್ತಾರೆ. ಅಂಥದೊಂದು ಎಡ್ವರ್ಡನ ಮನೆಯ ಅಡುಗೆಮನೆಗೆ ನುಗ್ಗುತ್ತದೆ. ಇಲ್ಲಿ 'ನುಗ್ಗುತ್ತದೆ'ಯೇ ಸರಿ, ಅನುಮಾನವಿಲ್ಲ. ಹೊಡೆದಾಟ ಮುಗಿದು ಅದು ಸತ್ತ ಮೇಲೆ ಯಾರೆಂದು ವಿಚಾರಿಸಿದರೆ, ತೋಟದ ಕೆಲಸ ಮಾಡಿಕೊಂಡಿದ್ದ ಒಬ್ಬ ಮಾಲಿ. ಬದುಕಿದ್ದಾಗ 'ಅದು', ಸತ್ತ ಮೇಲೆ 'ಅವನು'. ನಮ್ಮ ದೆವ್ವಗಳ ಕತೆಯಲ್ಲಿ ಇದು ಪೂರ್ತಿ ಉಲ್ಟಾ: ಬದುಕಿದ್ದಾಗ ಅವನು, ಸತ್ತ ಮೇಲೆ ಅದು. ಹೆಣವನ್ನೂ 'ಅದು' ಅನ್ನುವ ಭಾಷೆ ನಮ್ಮದು!

ಹಾಗಂತ ನಪುಂಸಕಲಿಂಗ ಬಂದಲ್ಲೆಲ್ಲ ತಿರಸ್ಕಾರ ಎಂದು ಹೇಳುವ ಹಾಗಿಲ್ಲ. 'ಮಗು ನಗುತ್ತಿದೆ' ಅನ್ನುವಾಗ ಮುದ್ದಿದೆ, 'ಜನ ಸೇರಿತ್ತು' ಅನ್ನುವಾಗ ಯಾರಿಗೂ ಅವಮಾನವಿಲ್ಲ. ಸಿನಿಮಾ ಶುರುವಾಗುವುದೇ ಒಂದು ಮಗುವಿನಿಂದ. ತಾನು ಎಂದೂ ದೊಡ್ಡವಳಾಗುವುದಿಲ್ಲ ಎಂದು ತಿಳಿದ ಹುಡುಗಿ ಪತ್ರ ಬರೆದಿಟ್ಟು, ಮನೆಯ ಹೊರಗೆ ಬಂದು, ಸೂರ್ಯ ಹುಟ್ಟುವುದನ್ನು ಕಾಯುತ್ತಾ ಕೂರುತ್ತಾಳೆ. ಇಲ್ಲಿ 'ಮಗು ಕೂತಿತ್ತು' ಎಂದು ಬರೆದರೆ ಎಳೆತನ ಬರುತ್ತದೆ, ಜೊತೆಗೆ ಪಿಶಾಚಿಯ ನೆರಳೂ ಬರುತ್ತದೆ. ಆದರೆ ನೋಡಲು ಮಗುವಾದರೂ ಅವಳ ವಯಸ್ಸು ಎಷ್ಟೋ! ನಾನು 'ಕೂತಿದ್ದಳು' ಎಂದೇ ಇಟ್ಟಿದ್ದೇನೆ.

ಇನ್ನು 'ವ್ಯಾಂಪೈರ್ ಆಗುವುದು'. ದೆವ್ವ ಹಿಡಿಯುತ್ತದೆ, ಮೆಟ್ಟಿಕೊಳ್ಳುತ್ತದೆ, ಮೈಮೇಲೆ ಬರುತ್ತದೆ. ರೋಗ ಅಂಟುತ್ತದೆ, ತಗಲುತ್ತದೆ, ಅದೂ ಹಿಡಿಯುತ್ತದೆ. ವಾಸಿಯಾದಾಗ ಜ್ವರ ಬಿಟ್ಟಿತು ಅನ್ನುತ್ತೇವೆ, ದೆವ್ವವೂ ಬಿಟ್ಟಿತು ಅನ್ನುತ್ತೇವೆ. ಈ ಚಿತ್ರ ನಿಂತಿರುವುದು ಸರಿಯಾಗಿ ಈ ಎರಡರ ಸಂದಿಯಲ್ಲಿ. ಅಲ್ಲಿ ಎಲ್ಲರೂ ಅದನ್ನು ಸೋಂಕು ಎಂದೇ ಕಾಣುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ, ಔಷಧ ಹುಡುಕುತ್ತಾರೆ. ಆದರೆ ಅದೇ ಜನ ಕನ್ನಡಿಯಲ್ಲಿ ಕಾಣುವುದಿಲ್ಲ, ಬರೀ ಬಟ್ಟೆ ಕಾಣುತ್ತದೆ. ನೋಡಿದವರಲ್ಲಿ ಹಲವರ ತಕರಾರು ಇದೇ: ರೋಗ ಅಂದಮೇಲೆ ಕನ್ನಡಿಗೇನಾಯಿತು? ನಿಯಮ ಒಂದು ಇರಬೇಕಲ್ವಾ? ನನಗೆ ಈ ತಕರಾರು ಜಾಸ್ತಿಯಾಯಿತು ಅನಿಸುತ್ತದೆ. ಬಿಸಿಲಿಗೆ ವ್ಯಾಂಪೈರ್ ಸಾಯುವುದು ಕೂಡ ಸ್ಟೋಕರನ ಕಾದಂಬರಿಯಲ್ಲಿಲ್ಲ. ಅಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬೆಳಗಿನ ಬೆಳಕಿಗೆ ಕರಗಿಹೋಗುವುದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಲ್ಲಿ ಬಂದದ್ದು. ಒಬ್ಬೊಬ್ಬರು ಒಂದೊಂದು ನಿಯಮ ಸೇರಿಸಿಕೊಂಡೇ ಬಂದಿದ್ದಾರೆ. ಕ್ರಿಯಾಪದಕ್ಕೆ ಮರಳಿದರೆ, 'ಅವನಿಗೆ ವ್ಯಾಂಪೈರ್ ಹಿಡಿಯಿತು' ನಡೆಯುವುದಿಲ್ಲ, ಏಕೆಂದರೆ ಹಿಡಿಯಲು ಹೊರಗಿನಿಂದ ಯಾರೂ ಬಂದಿಲ್ಲ. 'ಸೋಂಕು ತಗಲಿ ವ್ಯಾಂಪೈರ್ ಆದ' ಅನ್ನುವುದು ಸಪ್ಪೆ, ಆದರೆ ತಕರಾರಿಲ್ಲದ್ದು. ಇದಕ್ಕಿಂತ ಚುರುಕಾದದ್ದು ಯಾರಿಗಾದರೂ ಹೊಳೆದರೆ ಬರೆಯಿರಿ.

ಅನಿಸಿಕೆಗಳಲ್ಲಿ ಬಂದ ಉಳಿದ ಪದಗಳ ಬಗ್ಗೆ ಬೇಗ ಹೇಳುತ್ತೇನೆ. 'ಪ್ರೆಮಿಸ್' ಅನ್ನುವುದಕ್ಕೆ ಕಥಾವಸ್ತು, ಕಥಾಹಂದರ ಎಂದೆಲ್ಲ ಇವೆ. ಸಿನಿಮಾದವರು ಆಡುವ 'ಎಳೆ' ನನಗೆ ಹಿಡಿಸಿತು. 'ಎಳೆ ಹೊಸದು, ನೇಯ್ಗೆ ಹಳೆಯದು' ಎಂದು ಬರೆದರೆ ಬಹಳ ಮಂದಿಯ ದೂರು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮೊದಲರ್ಧ ಆ ಲೋಕವನ್ನು ತೋರಿಸುವಾಗ ಎಲ್ಲರೂ ಖುಷಿ. ಎರಡನೇ ಅರ್ಧ ಗುಂಡು, ಓಟ, ರಕ್ತದ ಕೋಡಿ ಆದಾಗ ಅರ್ಧ ಜನಕ್ಕೆ ಬೇಸರ. ಈ ಮಾತಿನಲ್ಲಿ ನ್ಯಾಯವಿದೆ.

'ಪರವಾಗಿಲ್ಲ' ಅನ್ನುವುದನ್ನು ಬರಹದಲ್ಲಿ ಏನು ಮಾಡುವುದು? ಬಾಯಲ್ಲಿ ಆಡುವಾಗ ಎಳೆದರೆ ಒಂದು ಅರ್ಥ, ಹುಬ್ಬೇರಿಸಿ ಆಡಿದರೆ ಇನ್ನೊಂದು. 'ಒಮ್ಮೆ ನೋಡಬಹುದು' ಕೂಡ ಹಾಗೇ. ಕೆಲವರು ನೋಡಿ ಎಂದು ಹೇಳಲು ಬಳಸುತ್ತಾರೆ, ಕೆಲವರು ಇನ್ನೊಮ್ಮೆ ಬೇಡ ಎಂದು ಹೇಳಲು. ನಾನು ಇವೆರಡನ್ನೂ ತೆಗೆದು, ಅವರು ಏನು ಮೆಚ್ಚಿದರು ಎಂಬುದನ್ನು ಬಿಡಿಸಿ ಬರೆದಿದ್ದೇನೆ.

'ಹೆದರಿಕೆ ಆಗಲಿಲ್ಲ' ಎಂದವರೂ ಇದ್ದಾರೆ. ಇದಕ್ಕೆ ನಮ್ಮಲ್ಲಿ ಉತ್ತರ ಮೊದಲೇ ಇದೆ. ನಾಟ್ಯಶಾಸ್ತ್ರದಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಒಂದಕ್ಕೆ ಮೂಲ ಭಯ, ಇನ್ನೊಂದಕ್ಕೆ ಜುಗುಪ್ಸೆ. 'ಹಾರರ್' ಎಂದು ಚೀಟಿ ಅಂಟಿಸಿದ ಮೇಲೆ ಜನ ಮೊದಲನೆಯದನ್ನು ಕಾಯುತ್ತಾರೆ, ಈ ಚಿತ್ರ ಎರಡನೆಯದನ್ನು ಧಾರಾಳವಾಗಿ ಬಡಿಸುತ್ತದೆ. 'ದೆವ್ವದ ಸಿನಿಮಾ' ಅಂತಂತೂ ಕರೆಯುವುದು ಬೇಡ, ಇದರಲ್ಲಿ ದೆವ್ವವೇ ಇಲ್ಲ.

ಒಂದು ಮಾತನ್ನು ಮಾತ್ರ ಯಾವ ಕಾರಣಕ್ಕೂ ಬಿಡುವುದಿಲ್ಲ: 'ರಕ್ತ ಹೀರು'. ಬಡ್ಡಿಯವನು ರಕ್ತ ಹೀರುತ್ತಾನೆ, ಜಿಗಣೆ ಹಾಗೆ ಅಂಟಿಕೊಂಡು ಹೀರುತ್ತಾನೆ ಎಂದು ನಾವು ಎಂದಿನಿಂದಲೋ ಆಡುತ್ತಿದ್ದೇವೆ. ಸ್ಯಾಮ್ ನೀಲ್ ಮಾಡಿರುವ ಕಂಪನಿ ಯಜಮಾನನ ಪಾತ್ರಕ್ಕೆ ಅದು ಅಕ್ಷರಶಃ ಉದ್ಯೋಗ. ರಕ್ತಕ್ಕೆ ಬದಲಿ ಸಿಕ್ಕರೂ ನಿಜವಾದದ್ದಕ್ಕೆ ಜಾಸ್ತಿ ಕೊಡುವವರು ಇದ್ದೇ ಇರುತ್ತಾರೆ ಎಂಬ ಲೆಕ್ಕ ಅವನದು. ಅವನನ್ನು 'ರಕ್ತ ಹೀರುವವನು' ಎಂದರೆ ಬೈಗುಳವೂ ಆಯಿತು, ವರದಿಯೂ ಆಯಿತು. ಇಲ್ಲಿ 'ಕುಡಿಯುವವನು' ಎಂದು ಬರೆಯಬಾರದು, ಅರ್ಧ ಅರ್ಥ ಸೋರಿಹೋಗುತ್ತದೆ.

ನಿಮ್ಮಿಂದ ಬೇಕಾದದ್ದು ಮುಖ್ಯವಾಗಿ ಬಹುವಚನದ ತೀರ್ಮಾನ. 'ವ್ಯಾಂಪೈರ್‌ಗಳು ಕೆಲಸಕ್ಕೆ ಹೊರಟರು' ಎಂದು ಬರೆಯುತ್ತಿದ್ದೇನೆ. 'ಗಳು' ಹಚ್ಚಿಯೂ 'ಹೊರಟರು' ಅನ್ನಬಹುದು, ಗುರುಗಳು ಹೊರಟರು ಅನ್ನುವುದಿಲ್ಲವೇ? 'ವ್ಯಾಂಪೈರರು' ಎಂದು ಒಬ್ಬ ಗೆಳೆಯರು ಸೂಚಿಸಿದ್ದಾರೆ. ಕೇಳಲು ಯಾವುದೋ ಹಳೇ ರಾಜವಂಶದ ಹಾಗಿದೆ, ನನಗೆ ಒಗ್ಗಲಿಲ್ಲ. ಸಬ್‌ಸೈಡರ್‌ಗೆ 'ಕೆಟ್ಟುಹೋದವರು' ಎಂದು ಸದ್ಯಕ್ಕೆ ಹಾಕಿದ್ದೇನೆ, ಆದರೆ ಅದರಲ್ಲಿ ನಡತೆಯ ವಾಸನೆ ಜಾಸ್ತಿ. 'ಇಳಿದವರು' ಹೇಗೆ? ಭಾನುವಾರದೊಳಗೆ ತಿಳಿಸಿದರೆ ಬರಹದಲ್ಲಿ ಸೇರಿಸಿಕೊಳ್ಳುತ್ತೇನೆ.