ಒಂದನೇ ತರಗತಿಗೆ ಕಲಿಸಬೇಕೆಂದಿದ್ದೇನೆ: ಬಿ.ಎಡ್. ಮಾಡಲೇ, ಡಿ.ಎಲ್.ಎಡ್. ಮಾಡಲೇ?

ಶಾಂಭವಿ, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಫೋರ್ಟ್‌ನಲ್ಲಿ ಒಂದು ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಬಿಲ್ಲು ನೋಡಿಕೊಳ್ಳುತ್ತಿದ್ದೇನೆ. ಸಂಬಳದ ಬಗ್ಗೆ ದೂರಿಲ್ಲ, ಆದರೆ ಕೆಲಸ ಒಗ್ಗುತ್ತಿಲ್ಲ. ಸಂಜೆ ಲೋಕಲ್ ಇಳಿದು ಮನೆಗೆ ಬರುವಷ್ಟರಲ್ಲಿ ನಮ್ಮ ಕಟ್ಟಡದ ನಾಲ್ಕೈದು ಮಕ್ಕಳು ಪುಸ್ತಕ ಹಿಡಿದು ಬಾಗಿಲಲ್ಲಿ ಕುಳಿತಿರುತ್ತಾರೆ. ದುಡ್ಡಿಗಾಗಿ ಹೇಳಿಕೊಡುವುದಲ್ಲ, ಹೇಗೋ ಶುರುವಾಯಿತು.

ಅವರಲ್ಲಿ ಎರಡನೇ ತರಗತಿಯ ಹುಡುಗನೊಬ್ಬ 52ರಲ್ಲಿ 27 ಕಳೆದರೆ 35 ಎನ್ನುತ್ತಿದ್ದ. ತಪ್ಪು ಎಂದರೆ ಒಪ್ಪುತ್ತಿರಲಿಲ್ಲ. ಗಮನಿಸಿದಾಗ ತಿಳಿಯಿತು: ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಹೇಳಿದ್ದಾರೆ, ಅವನು ನಿಷ್ಠೆಯಿಂದ 7ರಿಂದ 2 ಕಳೆಯುತ್ತಿದ್ದಾನೆ. ಬೆಂಕಿಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟೆ. ಏಳು ಬಿಡಿ ಕಡ್ಡಿ ಕೊಡು ಎಂದೆ. ಬಹಳ ಹೊತ್ತು ನೋಡಿ ಒಂದು ಕಟ್ಟಿನ ರಬ್ಬರ್ ತೆಗೆದ. "ಈಗ ಎರಡು ಇದ್ದದ್ದು ಹನ್ನೆರಡಾಯಿತೇ ಅಕ್ಕಾ?" ಎಂದು ಕೇಳಿದ. ಮರುದಿನ ಕಚೇರಿಯಲ್ಲಿ ದಿನವಿಡೀ ಅದೇ ತಲೆಯಲ್ಲಿತ್ತು.

ಪ್ರಾಥಮಿಕ ಶಾಲೆಯ ಟೀಚರ್ ಆಗಬೇಕೆಂದು ಮನೆಯಲ್ಲಿ ಹೇಳಿದೆ. ಅಪ್ಪ ಹೋಟೆಲಿನಲ್ಲಿ ಮ್ಯಾನೇಜರ್. "ಸಣ್ಣ ಮಕ್ಕಳ ಮೂಗು ಒರೆಸಲು ಬಿ.ಕಾಂ. ಬೇಕಿತ್ತೇ? ಬ್ಯಾಂಕ್ ಪರೀಕ್ಷೆ ಬರೆ" ಎನ್ನುತ್ತಾರೆ. ಕಾರ್ಕಳದ ದೊಡ್ಡಮ್ಮನ ಮಗಳು ಬಿ.ಎಡ್. ಮಾಡು ಎನ್ನುತ್ತಾಳೆ. ನಾನು ನಾಲ್ಕನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಆಮೇಲೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಮರಾಠಿ ಮಾತನಾಡುತ್ತೇನೆ, ಬರೆಯುವುದು ಅಷ್ಟಕ್ಕಷ್ಟೆ. ಬಿ.ಎಡ್. ಸಾಕಾಗುತ್ತದೆಯೇ? ಮುಂಬೈಯಲ್ಲಿ ಕನ್ನಡ ಮಾಧ್ಯಮವನ್ನು ನಂಬಿ ಹೊರಡಬಹುದೇ? ಎಷ್ಟು ಕಾಲ ಸಂಬಳವಿಲ್ಲದೆ ಇರಬೇಕಾಗುತ್ತದೆ? ತಿಳಿದವರು ಹೇಳಿ.

ಐರೋಳಿಯ ಮೇಷ್ಟ್ರು:

ಶಾಂಭವಿಯವರೇ, ನಿಮಗೆ ಬೇಕಿರುವುದು ಒಂದರಿಂದ ಐದನೇ ತರಗತಿ ಎಂದಾದರೆ ಬಿ.ಎಡ್. ಮಾತು ಬಿಡಿ. 2018ರಲ್ಲಿ ಶಿಕ್ಷಕರ ಅರ್ಹತೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಬಿ.ಎಡ್. ಆದವರಿಗೂ ಆ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಊರಿನ ಅಕ್ಕಂದಿರಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ಡಿ.ಎಲ್.ಎಡ್. ಎಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಎರಡು ವರ್ಷದ್ದು, ಹಿಂದೆ ಡಿ.ಎಡ್. ಎನ್ನುತ್ತಿದ್ದದ್ದೇ. ಪದವಿ ಬೇಕಿಲ್ಲ, ಹನ್ನೆರಡನೆಯಲ್ಲಿ ಶೇಕಡಾ 50ರ ಆಸುಪಾಸು ಅಂಕವಿದ್ದರೆ ಸಾಕು. ಅಂದರೆ ನಿಮ್ಮ ಬಿ.ಕಾಂ. ಇಲ್ಲಿ ಲೆಕ್ಕಕ್ಕಿಲ್ಲ, ಅಪ್ಪನಿಗೆ ಸದ್ಯಕ್ಕೆ ಇದನ್ನು ಹೇಳಬೇಡಿ.

ಅದರ ಮೇಲೆ ಟಿಇಟಿಯ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಮೊದಲ ಪತ್ರಿಕೆ. 150 ಪ್ರಶ್ನೆ, ಪಾಸಾಗಲು ಸಾಮಾನ್ಯ ವರ್ಗಕ್ಕೆ 90 ಅಂಕ, ತಪ್ಪಿಗೆ ಅಂಕ ಕಡಿತವಿಲ್ಲ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಕೇಂದ್ರದ ಸಿಟಿಇಟಿಯನ್ನೂ ಬರೆದಿಡಿ. ಅನುಭವಸ್ಥರಿಗೆ ಇದು ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಾಲಿ ಶಿಕ್ಷಕರೂ ಟಿಇಟಿ ಪಾಸಾಗಲೇಬೇಕು ಎಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಅಂದಿನಿಂದ ಚಹಾದ ಜೊತೆ ಗೈಡ್ ಪುಸ್ತಕಗಳೂ ಓಡಾಡುತ್ತಿವೆ.

ಸರ್ಕಾರಿ ನೇಮಕಾತಿಗೆ ಟಿಎಐಟಿ ಎಂಬ ಇನ್ನೊಂದು ಪರೀಕ್ಷೆ ಇದೆ, 200 ಪ್ರಶ್ನೆ, ಎರಡೇ ಗಂಟೆ. ಅದರ ಅಂಕದ ಮೇಲೆ ಮಹಾರಾಷ್ಟ್ರ ಸರ್ಕಾರದ ಶಿಕ್ಷಕರ ನೇಮಕಾತಿ ಜಾಲತಾಣವಾದ ಪವಿತ್ರ ಪೋರ್ಟಲ್‌ನಲ್ಲಿ ಆಯ್ಕೆ. ಅದು ಯಾವಾಗ ನಡೆಯುತ್ತದೆ ಎಂದು ಕೇಳಬೇಡಿ, ಕಾಯುವುದೂ ಪಠ್ಯಕ್ರಮದ ಭಾಗ. ಆಯ್ಕೆಯಾದರೆ ಮೊದಲ ಮೂರು ವರ್ಷ ಶಿಕ್ಷಣ ಸೇವಕ, ಅಂದರೆ ಗೌರವಧನದ ಮೇಲಿನ ಶಿಕ್ಷಕ, ತಿಂಗಳಿಗೆ 16,000 ರೂಪಾಯಿ. ಆಮೇಲೆ 29,200ರಿಂದ ಆರಂಭವಾಗುವ ಮೂಲವೇತನ. ಖಾಸಗಿ ಶಾಲೆ ಸೇರುವುದಾದರೆ ಸಂಬಳ ಬ್ಯಾಂಕಿಗೆ ಬರುತ್ತದೆಯೇ ಎಂದು ಮೊದಲೇ ಕೇಳಿ. ನಾನು ಹಿಂದೆ ಇದ್ದ ಕಡೆ ಸಹಿ ಮಾಡುತ್ತಿದ್ದ ಮೊತ್ತ ಬೇರೆ, ಕೈಗೆ ಸಿಗುತ್ತಿದ್ದ ಮೊತ್ತ ಬೇರೆ.

ನಿವೃತ್ತ ಟೀಚರ್, ಸಾಯನ್:

ಶಾಂಭವಿ, ನೀನು ನನ್ನ ಮಗಳಿಗಿಂತ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ. ನಾನು ಪಾಲಿಕೆಯ ಕನ್ನಡ ಶಾಲೆಗಳಲ್ಲೇ ಸೇವೆ ಮುಗಿಸಿದವಳು. ಮೇಷ್ಟ್ರು ಹೇಳಿದ ಪರೀಕ್ಷೆಗಳ ವಿಷಯ ಸರಿಯಾಗಿದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮುಂಬೈ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಆದರೆ ನಮ್ಮ ಕರಾವಳಿಯವರು ಮಕ್ಕಳನ್ನು ಇಂಗ್ಲಿಷಿಗೆ ಕಳುಹಿಸಿ ಬಹಳ ಕಾಲವಾಯಿತು. ನನ್ನ ಕೊನೆಯ ವರ್ಷಗಳಲ್ಲಿ ಬೆಂಚಿನ ಮೇಲಿದ್ದವರು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿಯ ಬೋರ್ಡೆಲ್ಲ ದೇವನಾಗರಿ. ಅವರಿಗೆ ಅ, ಆ, ಇ, ಈ ಎಂದು ಸಾಲಾಗಿ ತೀಡಿಸುತ್ತಾ ಹೋದರೆ ದೀಪಾವಳಿ ಬಂದರೂ ಒಂದು ಪದ ಓದುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಮಾಡುವಂತೆ ನಾನು ರ, ಗ, ಸ, ದ, ಅ ಎಂದು ಶುರು ಮಾಡುತ್ತಿದ್ದೆ. ಬರೆಯಲು ಸುಲಭ, ಅಲ್ಲದೆ ಐದೇ ಅಕ್ಷರಕ್ಕೆ ಸರ, ಅರಸ, ದಸರ, ಗರಗಸ ಎಲ್ಲ ಸಿಗುತ್ತವೆ. ಬಡಗಿಯ ಮಗ ಒಬ್ಬ ಗರಗಸ ಎಂದು ಓದಿ, ಅದು ಅಪ್ಪನ ಚೀಲದಲ್ಲಿದೆ ಎಂದು ಎದ್ದು ನಿಂತು ಕೈಯಿಂದ ಕೊಯ್ದು ತೋರಿಸಿದ. ಉಳಿದವರಿಗೆ ಆ ಪದವನ್ನು ನಾನು ವಿವರಿಸಬೇಕಾಗಲೇ ಇಲ್ಲ.

ತೊಗರಿ ಕೊಯ್ಲಿಗೆ ಊರಿಗೆ ಹೋದ ಮನೆಯವರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆ, ಮಕ್ಕಳು ಕಲಿತದ್ದರಲ್ಲಿ ಅರ್ಧ ಅಲ್ಲೇ ಬಿಟ್ಟು ಬಂದಿರುತ್ತಾರೆ. ಮತ್ತೆ ಮೊದಲಿನಿಂದ. ಇದರ ನಡುವೆ ಟೀಚರ್ ತಲೆಗೇ ಬೀಳುವ ಬಿಸಿಯೂಟದ ಖಿಚಡಿಯ ಲೆಕ್ಕ, ಮತದಾರರ ಪಟ್ಟಿ, ಜನಗಣತಿ, ಆಧಾರ್ ಜೋಡಣೆ. ಸುತ್ತೋಲೆಗಳೆಲ್ಲ ಮರಾಠಿಯಲ್ಲಿ. ಆದ್ದರಿಂದ ನಿನ್ನ "ಅಷ್ಟಕ್ಕಷ್ಟೆ" ನಡೆಯುವುದಿಲ್ಲ, ಇಂದಿನಿಂದಲೇ ದಿನಕ್ಕೊಂದು ಪುಟ ಮರಾಠಿ ಬರೆ.

ಬೆಂಕಿಕಡ್ಡಿಯ ಕೆಲಸ ಚೆನ್ನಾಗಿದೆ. ಆದರೆ ಬಾಗಿಲಿಗೆ ತಾವಾಗಿಯೇ ಬಂದ ಐವರು ಬೇರೆ, ಒಬ್ಬ ಟೀಚರಿಗೆ ಕಾನೂನಿನ ಲೆಕ್ಕದ ಮೂವತ್ತು ಮಕ್ಕಳು ಬೇರೆ. ಒಬ್ಬ ಕಟ್ಟು ಬಿಚ್ಚುವಷ್ಟರಲ್ಲಿ ಇನ್ನೊಬ್ಬ ಕಡ್ಡಿಯನ್ನು ಪಕ್ಕದವನ ಕಿವಿಗೆ ಹಾಕಿರುತ್ತಾನೆ. ಅರ್ಜಿ ಹಾಕುವ ಮುನ್ನ ಪರಿಚಯದ ಮುಖ್ಯಾಧ್ಯಾಪಕರನ್ನು ಕೇಳಿ ಒಂದನೇ ತರಗತಿಯಲ್ಲಿ ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗೆ ಕುಳಿತು ಬಾ. ಮಧ್ಯಾಹ್ನದ ನಂತರದ ಹೊತ್ತು ನೋಡದೆ ನಿರ್ಧಾರ ಮಾಡಬೇಡ. ಮೂಗು ಒರೆಸಬೇಕೆಂಬ ನಿನ್ನ ಅಪ್ಪನ ಮಾತು ನಿಜ, ಕರವಸ್ತ್ರ ಎರಡಿರಲಿ.

ಥಾಣೆಯ ತಂದೆ:

ಮುಚ್ಚುತ್ತಿರುವ ಕನ್ನಡ ಶಾಲೆಗಳ ಕಡೆಗೆ ಈ ಹುಡುಗಿಯನ್ನು ಯಾಕೆ ತಳ್ಳುತ್ತಿದ್ದೀರಿ? ಒಳ್ಳೆಯ ಕೆಲಸ ಕೈಯಲ್ಲಿದೆ. ಪಾಠ ಹೇಳುವ ಆಸೆ ಭಾನುವಾರ ತೀರಿಸಿಕೊಳ್ಳಬಹುದು.

ನಿವೃತ್ತ ಟೀಚರ್, ಸಾಯನ್:

ತಳ್ಳಿಲ್ಲ ಸ್ವಾಮಿ, ಇನ್ನೊಮ್ಮೆ ಓದಿ. ಕನ್ನಡವೊಂದನ್ನೇ ನೆಚ್ಚಿಕೊಳ್ಳಬೇಡ ಎಂದೇ ಹೇಳುತ್ತಿದ್ದೇನೆ, ಹುದ್ದೆಗಳು ಬೆರಳೆಣಿಕೆಯಷ್ಟು. ಇನ್ನು ಭಾನುವಾರದ ಮಾತು. ಡಿ.ಎಲ್.ಎಡ್.ನಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಸಬೇಕು. ಅಷ್ಟು ದಿನ ಮಾಡಬೇಕಾದ ಕೆಲಸವನ್ನು ನೀವು ಆಸೆ ಎನ್ನುತ್ತಿದ್ದೀರಿ.

ಶಾಂಭವಿ, ಡೊಂಬಿವಲಿ:

ಟೀಚರ್, ಮೇಷ್ಟ್ರೇ, ಇಬ್ಬರಿಗೂ ವಂದನೆ. ಥಾಣೆಯ ಅಂಕಲ್, ನಿಮ್ಮದು ನನ್ನ ಅಪ್ಪನ ಮಾತೇ, ನಾಳೆ ಇಬ್ಬರನ್ನೂ ಫೋನಿನಲ್ಲಿ ಮಾತನಾಡಿಸುತ್ತೇನೆ. ಎರಡು ವರ್ಷ ಸಂಬಳವಿಲ್ಲ ಎಂಬುದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ. ಒಂದಷ್ಟು ಉಳಿತಾಯವಿದೆ, ಸಂಜೆ ಕೆಲವರ ಲೆಕ್ಕ ಬರೆದುಕೊಡಬಹುದು. ರಜೆ ಹಾಕಿ ಒಂದು ದಿನ ತರಗತಿಯಲ್ಲಿ ಕೂರುತ್ತೇನೆ. ಟಿಇಟಿಯಲ್ಲಿ ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದೇ? ಓದಲು ಏನಿಟ್ಟುಕೊಳ್ಳಲಿ?

ಐರೋಳಿಯ ಮೇಷ್ಟ್ರು:

ತೆಗೆದುಕೊಳ್ಳಬಹುದು, ಪಟ್ಟಿಯಲ್ಲಿ ಕನ್ನಡವಿದೆ. ಆದರೆ ನೇಮಕಾತಿಯಲ್ಲಿ ನೀವು ಯಾವ ಮಾಧ್ಯಮದಲ್ಲಿ ಓದಿದ್ದೀರಿ ಎಂಬುದನ್ನೂ ನೋಡುತ್ತಾರೆ. ಹತ್ತು, ಹನ್ನೆರಡು ಎರಡೂ ಇಂಗ್ಲಿಷ್ ಆಗಿರುವ ನಿಮಗೆ ಡಿ.ಎಲ್.ಎಡ್. ಕೂಡ ಇಂಗ್ಲಿಷ್ ಮಾಧ್ಯಮದ್ದಾದರೆ ದಾರಿ ಸಲೀಸು. ಕಾಲೇಜು ಆರಿಸುವಾಗಲೇ ಇದನ್ನು ತೀರ್ಮಾನಿಸಿ.

ನಿವೃತ್ತ ಟೀಚರ್, ಸಾಯನ್:

ಗೈಡ್ ಕೊಳ್ಳಲು ಓಡಬೇಡ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಮೂರರಿಂದ ಐದನೆಯವರೆಗಿನ ಗಣಿತ ಮತ್ತು ಪರಿಸರ ಅಧ್ಯಯನ ಓದು, ಕನ್ನಡದಲ್ಲೇ ಇವೆ, ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಕಲಿಸುತ್ತಿದ್ದಾಗ ನಾಲ್ಕನೆಯ ಪರಿಸರ ಅಧ್ಯಯನದ ಎರಡನೇ ಭಾಗ ಪೂರ್ತಿ ಶಿವಾಜಿ ಮಹಾರಾಜರ ಚರಿತ್ರೆ. ಇತಿಹಾಸ ತಾನೇ ಎಂದು ಅದನ್ನು ಬಿಟ್ಟವರು ಪರೀಕ್ಷೆಯಿಂದ ಬಂದು ನನ್ನೆದುರು ಗೋಳಾಡಿದ್ದಾರೆ.