ಈರುಳ್ಳಿ ಸಿಪ್ಪೆಗೆ ಬೈಸಿಕೊಂಡೆ: ಕೊರಿಯಾದಲ್ಲಿ ಇರುವವರು ಹೇಳಿ, ಇದು ನಿಯಮವೋ ಪರದೇಶಿಗಳ ಮೇಲಿನ ಸಿಟ್ಟೋ?

ಸುವಾನ್_ಸುಬ್ಬಣ್ಣ:
ಸಂಸಾರ ಸಮೇತ ಸುವಾನ್‌ನಲ್ಲಿದ್ದೇನೆ. ಊರು ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಮೊನ್ನೆ ರಾತ್ರಿ ಕಸ ಹಾಕಲು ಕೆಳಗೆ ಹೋದಾಗ ಅಪಾರ್ಟ್‌ಮೆಂಟಿನ ಕಾವಲಿನ ಅಜೊಸ್ಸಿ (ನಡುವಯಸ್ಸಿನ ಗಂಡಸರನ್ನು ಇಲ್ಲಿ ಕರೆಯುವುದೇ ಹಾಗೆ) ನನ್ನ ಬಕೆಟ್ಟಿಗೆ ಟಾರ್ಚ್ ಬಿಟ್ಟರು. ಕೈಗವಸು ಹಾಕಿಕೊಂಡು ಈರುಳ್ಳಿ ಸಿಪ್ಪೆಯನ್ನೆಲ್ಲ ಒಂದೊಂದಾಗಿ ಹೆಕ್ಕಿ ನನ್ನ ಕೈಗೇ ಕೊಟ್ಟರು. ನಾಲ್ಕು ಜನ ನೋಡುತ್ತಾ ನಿಂತಿದ್ದರು. ಅದರಲ್ಲಿ ಒಬ್ಬ ಅಜುಮ್ಮಾ, ಅಂದರೆ ನಡುವಯಸ್ಸಿನ ಹೆಂಗಸು, ಮುಖ ಪರಿಚಯವೂ ಇಲ್ಲ, ಸೀದಾ ಕೇಳಿದ್ದು "ನಿಮ್ಮ ವಯಸ್ಸೆಷ್ಟು?" ಅಂತ. ಲಿಫ್ಟಿನಲ್ಲಿ ಇದೇ ಪ್ರಶ್ನೆ, ಆಫೀಸಿನಲ್ಲಿ ಇದೇ ಪ್ರಶ್ನೆ. ಕೊರಿಯಾದವರ ಬಕೆಟ್ಟಿಗೆ ಅವರು ಟಾರ್ಚ್ ಬಿಟ್ಟಿದ್ದು ನಾನಂತೂ ನೋಡಿಲ್ಲ. ಪರದೇಶಿ ಅಂದರೆ ಇಷ್ಟು ಸದರವಾ?

ಹಾಸನದ_ಹುಡುಗಿ:
ಈರುಳ್ಳಿ ಸಿಪ್ಪೆ ಊಟದ ಕಸಕ್ಕೆ ಹಾಕಬಾರದು. ಹಾಕಿದ್ದೀರಿ. ಹೇಳಿದ್ದಾರೆ. ಇದರಲ್ಲಿ ಪರದೇಶಿ ಎಲ್ಲಿಂದ ಬಂದ? ಮೂಳೆ, ಮೊಟ್ಟೆ ಚಿಪ್ಪು, ಕಪ್ಪೆಚಿಪ್ಪು, ಬೆಳ್ಳುಳ್ಳಿ ಸಿಪ್ಪೆ, ಹಣ್ಣಿನ ಗೊರಟೆ, ಟೀ ಸೊಪ್ಪು, ಇವೆಲ್ಲ ಸಾಮಾನ್ಯ ಕಸದ ಚೀಲಕ್ಕೆ. ನೆನಪಿಡೋದು ಬಹಳ ಸುಲಭ: ಪ್ರಾಣಿ ತಿನ್ನುವಂಥದ್ದಾದರೆ ಊಟದ ಕಸ, ಇಲ್ಲದಿದ್ದರೆ ಇಲ್ಲ. ನಾನು ದೇಜಾನ್‌ನಲ್ಲಿ ಓದುತ್ತಿದ್ದೇನೆ, ನನ್ನ ಬಕೆಟ್ಟನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ.

ಜಯನಗರ_4ನೇ_ಬ್ಲಾಕ್:
"ಪ್ರಾಣಿ ತಿನ್ನುವಂಥದ್ದಾದರೆ" ಅಂತೀರಿ. ನಮ್ಮ ಬೀದಿಯ ದನ ಈರುಳ್ಳಿ ಸಿಪ್ಪೆಯನ್ನು ಆರಾಮಾಗಿ ತಿನ್ನುತ್ತದೆ. ದಿನಾ ನೋಡುತ್ತೇನೆ.

ಹಳೇ_ಪರದೇಶಿ:
ಸುಬ್ಬಣ್ಣ ಅವರೇ, ಸ್ವಲ್ಪ ಹಿನ್ನೆಲೆ ತಿಳಿದುಕೊಂಡು ಬೇಜಾರು ಮಾಡಿಕೊಳ್ಳಿ. 1995ರ ಜನವರಿಯಿಂದ ಇಲ್ಲಿ ದೇಶದ ಎಲ್ಲ ಕಡೆ ಕಸಕ್ಕೆ ಚೀಲದ ಲೆಕ್ಕದಲ್ಲಿ ದುಡ್ಡು. 2005ರಲ್ಲಿ ಊಟದ ಕಸವನ್ನು ನೇರವಾಗಿ ಗುಂಡಿಗೆ ಸುರಿಯುವುದನ್ನು ನಿಲ್ಲಿಸಿದರು. 2013ರಿಂದ ಅದಕ್ಕೂ ಹಾಕಿದಷ್ಟಕ್ಕೆ ಬಿಲ್ಲು. ಕಸದ ಡಬ್ಬಿಗೆ ಕಾರ್ಡ್ ಮುಟ್ಟಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದ ಮೇಲೆ ತೂಕ ಪರದೆಯಲ್ಲಿ ಬರುತ್ತದೆ, ತಿಂಗಳ ಕೊನೆಗೆ ಮೇಂಟೆನೆನ್ಸ್ ಬಿಲ್ಲಿಗೆ ಸೇರುತ್ತದೆ. ಆ ಕಸ ಮೇವಾಗುತ್ತದೆ, ಗೊಬ್ಬರವಾಗುತ್ತದೆ, ಗ್ಯಾಸ್ ಆಗುತ್ತದೆ. ತಪ್ಪು ಕಸ ಸೇರಿದರೆ ಯಂತ್ರ ಕೆಡುತ್ತದೆ. ಕಾವಲಿನವರಿಗೆ ಬೈಗುಳ ಬೀಳುವುದು ಮೇಲಿನವರಿಂದ, ನಿಮ್ಮಿಂದಲ್ಲ. ಬೇಕಾಬಿಟ್ಟಿ ಎಸೆದರೆ ದಂಡ 10 ಲಕ್ಷ ವೊನ್‌ವರೆಗೆ ಹೋಗಬಹುದು. ನಿಮಗೆ ಸಿಪ್ಪೆ ವಾಪಸ್ ಕೊಟ್ಟು ಬಿಟ್ಟರಲ್ಲ, ಪುಣ್ಯ.

ಧಾರವಾಡ_ಪೇಡ:
"ಪುಣ್ಯ" ಅಂತ್ರೀ! ನಾಲ್ಕು ಮಂದಿ ಮುಂದೆ ಸಿಪ್ಪೆ ಕೈಗೆ ಕೊಡೋದು ಪುಣ್ಯ ಏನ್ರೀ? ನಾನು ಉಲ್ಸಾನ್‌ನಲ್ಲಿದ್ದೇನೆ, ಹಡಗು ಕಟ್ಟುವ ಕಡೆ ಕೆಲಸ. ನಮ್ಮ ಬಿಲ್ಡಿಂಗಿನಲ್ಲಿ ಯಾರದೋ ಚೀಲ ತಪ್ಪು ದಿನ ಹೊರಗೆ ಬಂದಿತ್ತು. ನೇರ ಬಂದು ಬಾಗಿಲು ತಟ್ಟಿದ್ದು ನಮ್ಮದು. ಚೀಲ ಬಿಚ್ಚಿ ನೋಡಿದರೆ ಒಳಗೆ ಸೋಜು ಹೆಂಡದ ಬಾಟಲಿ, ಹಂದಿ ಮೂಳೆ. ನಾನು ಇವೆರಡನ್ನೂ ಮುಟ್ಟೋನಲ್ಲ ಅಂತ ಆ ಬಿಲ್ಡಿಂಗಿಗೆಲ್ಲ ಗೊತ್ತು. ಕ್ಷಮೆ ಕೇಳಿದರಾ? ಇಲ್ಲ. "ಓ, ಹೌದಾ" ಅಂದು ಹೋದರು.

ಹಾಸನದ_ಹುಡುಗಿ:
@ಜಯನಗರ ನಿಮ್ಮ ಬೀದಿ ದನ ಪ್ಲಾಸ್ಟಿಕ್ ಕೂಡ ತಿನ್ನುತ್ತದೆ. ಅದನ್ನೂ ಊಟದ ಕಸಕ್ಕೆ ಹಾಕೋಣವಾ?

ಜಯನಗರ_4ನೇ_ಬ್ಲಾಕ್:
ಪ್ಲಾಸ್ಟಿಕ್ ಬೇರೆ, ತರಕಾರಿ ಬೇರೆ. ವಾದ ತಿರುಗಿಸಬೇಡಿ ಮೇಡಂ. ಪ್ರಾಣಿ ತಿನ್ನಬೇಕು ಅಂದಿರಿ, ತಿನ್ನುತ್ತದೆ ಅಂದೆ. ನಿಯಮವೇ ತಪ್ಪು ಅಂತ ಆಯಿತಲ್ಲ.

ಕುಂದಾಪ್ರದ_ಕಾಣೆ_ಮೀನು:
ಕಸ ಬಿಡಿ ಮಾರಾಯ್ರೆ. ಪರದೇಶಿ ಕಷ್ಟ ಅಂದರೆ ಸಸ್ಯಾಹಾರಿಗಳದ್ದು. ನಮ್ಮ ಟೀಮಿನ ಒಬ್ಬರು ಬರೀ ತರಕಾರಿ ಅಂತ ಕಿಮ್ಚಿ, ತೋಫು ಸಾರು ತಿಂದುಕೊಂಡು ಆರಾಮಾಗಿದ್ದರು. ಆ ಸಾರು ಒಣ ಬೊಲಂಜಿರಿನಂಥ ಮೀನು ಕುದಿಸಿದ ನೀರಿನದ್ದು, ಕಿಮ್ಚಿಗೆ ಉಪ್ಪಲ್ಲಿ ಹಾಕಿಟ್ಟ ಸಿಗಡಿ ಬಿದ್ದಿರುತ್ತದೆ ಅಂತ ನಾನೇ ಹೇಳಿದ್ದು. ಮೂರು ದಿನ ಮಾತು ಬಿಟ್ಟರು ನನ್ನ ಹತ್ತಿರ! ನನಗೇನು, ನಮ್ಮ ಊರಿನ ರುಚಿಯೇ.

ಧಾರವಾಡ_ಪೇಡ:
"ಆರಾಮಾಗಿದ್ದರು" ಅಂದಮೇಲೆ ಹೇಳೋ ಉಸಾಬರಿ ನಿಮಗ್ಯಾಕೆ ಬೇಕಿತ್ತು?

ಕುಂದಾಪ್ರದ_ಕಾಣೆ_ಮೀನು:
ಹೇಳದಿದ್ದರೆ ಮೋಸ, ಹೇಳಿದರೆ ಉಸಾಬರಿ. ಒಳ್ಳೆ ಕಥೆ.

ಸುವಾನ್_ಸುಬ್ಬಣ್ಣ:
@ಹಳೇ_ಪರದೇಶಿ ಸರ್, "ಹಿನ್ನೆಲೆ ತಿಳಿದುಕೊಂಡು ಬೇಜಾರು" ಅಂದರೆ ಏನರ್ಥ? 1995ರಲ್ಲಿ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ದಂಡ ಎಷ್ಟು ಅಂತ ನಾನು ಕೇಳಲಿಲ್ಲ. ಪಕ್ಕದ ಮನೆಯವರ ಬಕೆಟ್ ಯಾಕೆ ನೋಡಲಿಲ್ಲ ಅಂತ ಕೇಳಿದೆ.

ಹಳೇ_ಪರದೇಶಿ:
ಪ್ರೈಮರಿ ಅಂದರೆ ನೀವು ನನಗಿಂತ ಚಿಕ್ಕವರು. ನೋಡಿ, ಈಗ ನಾನು ಹೇಗೆ ಮಾತಾಡಬೇಕು ಅಂತ ನನಗೆ ಗೊತ್ತಾಯಿತು. ಆ ಅಜುಮ್ಮಾ ಕೇಳಿದ್ದೂ ಅದಕ್ಕೇ. ಕೊರಿಯನ್ ಭಾಷೆಯಲ್ಲಿ ಹಿರಿಯರಿಗೆ ಒಂದು ಥರ, ಕಿರಿಯರಿಗೆ ಒಂದು ಥರ ಮಾತು. ವಯಸ್ಸು ಗೊತ್ತಿಲ್ಲದೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಜಯನಗರ_4ನೇ_ಬ್ಲಾಕ್:
ವಯಸ್ಸಿನ ವಿಷಯ 2023ಕ್ಕೇ ಮುಗಿಯಿತಲ್ಲ? ಜೂನ್ 28ರಿಂದ ಕಾನೂನು ಬಂತು, ಹುಟ್ಟಿದಾಗಲೇ 1 ವರ್ಷ ಅನ್ನೋ ಲೆಕ್ಕ ಹೋಯಿತು, ಎಲ್ಲರೂ ಒಂದೆರಡು ವರ್ಷ ಚಿಕ್ಕವರಾದರು. ಪೇಪರಿನಲ್ಲಿ ಓದಿದ್ದೇನೆ. ಇನ್ನೂ ಯಾಕೆ ಕೇಳಬೇಕು?

ಹಾಸನದ_ಹುಡುಗಿ:
ಪೇಪರಿನಲ್ಲಿ ಪೂರ್ತಿ ಓದಬೇಕಿತ್ತು. ಕಾನೂನು ಬದಲಾಗಿದ್ದು ವಯಸ್ಸು ಎಣಿಸುವ ಲೆಕ್ಕಕ್ಕೆ. ಸ್ಕೂಲಿಗೆ ಸೇರುವುದು, ಮಿಲಿಟರಿಗೆ ಕರೆಯುವುದು, ಹೆಂಡ ಕೊಳ್ಳುವುದು ಈಗಲೂ ಹುಟ್ಟಿದ ಇಸವಿ ನೋಡಿಯೇ. ನನ್ನ ಲ್ಯಾಬಿನಲ್ಲಿ ಹೊಸಬರು ಬಂದರೆ "ಯಾವ ಇಸವಿ?" ಅಂತಲೇ ಕೇಳುತ್ತಾರೆ. ಇಸವಿ ಹೇಳಿದರೆ ಯಾರು ಅಣ್ಣ ಯಾರು ತಮ್ಮ ಅಂತ ಅಲ್ಲೇ ತೀರ್ಮಾನ. ಮತ್ತೆ, ನಮ್ಮವರು ಏನು ಕಮ್ಮಿ? "ಯಾವ ಕಡೆಯವರು, ಮನೆತನ ಯಾವುದು" ಅಂತ ಸುತ್ತಿ ಬಳಸಿ ಜಾತಿ ತಿಳಿದುಕೊಳ್ಳುತ್ತಾರಲ್ಲ. ಇವರು ವಯಸ್ಸು ಕೇಳಿ ಸುಮ್ಮನಾಗುತ್ತಾರೆ.

ಧಾರವಾಡ_ಪೇಡ:
"ಸುಮ್ಮನಾಗುತ್ತಾರೆ"?? ಮದುವೆ ಆಗಿದೆಯಾ, ಯಾಕೆ ಆಗಿಲ್ಲ, ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು ಕೊಟ್ಟೆ. ನೀವು ಲ್ಯಾಬಿನಿಂದ ಆಚೆ ಬಂದು ನೋಡ್ರಿ ಸ್ವಲ್ಪ.

ಹಾಸನದ_ಹುಡುಗಿ:
ಲ್ಯಾಬಿನಿಂದ ಆಚೆಯೂ ಬದುಕಿದ್ದೇನೆ, ಥ್ಯಾಂಕ್ಸ್. ಮಾರ್ಕೆಟ್ಟಿಗೆ ಹೋಗುತ್ತೇನೆ, ಕೊರಿಯನ್‌ನಲ್ಲಿ ಮಾತಾಡುತ್ತೇನೆ. ಭಾಷೆ ಕಲಿಯದೆ ಕೂತವರಿಗೆ ಎಲ್ಲರೂ ಬೈದ ಹಾಗೇ ಕೇಳಿಸುತ್ತದೆ.

ಧಾರವಾಡ_ಪೇಡ:
"ಭಾಷೆ ಕಲಿಯದೆ ಕೂತವರು" ಅಂತ ಯಾರಿಗೆ ಹೇಳಿದ್ರಿ? ಸೀನಿಯರ್ ಬಾಟಲಿ ಎತ್ತಿದರೆ ಎರಡೂ ಕೈಯಲ್ಲಿ ಲೋಟ ಹಿಡಿಯಬೇಕು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು, ಅವರ ಲೋಟ ಖಾಲಿ ಬಿಡಬಾರದು, ನಮ್ಮ ಲೋಟಕ್ಕೆ ನಾವೇ ಹಾಕಿಕೊಳ್ಳಬಾರದು. ಕುಡಿಯದ ನಾನು ಇದನ್ನೆಲ್ಲ ನೀರಿನ ಲೋಟ ಹಿಡಿದುಕೊಂಡು ಮಾಡಿದ್ದೇನೆ, ಆಫೀಸಿನವರ ಗುಂಪು ಊಟದ ಹ್ವೆಶಿಕ್‌ನಲ್ಲಿ, ಮಧ್ಯರಾತ್ರಿವರೆಗೆ. ಭಾಷೆ ಬರುತ್ತದ್ರೀ ನನಗೆ. ಬೈಗುಳ ಯಾವುದು, ಬೈಗುಳ ಅಲ್ಲದ್ದು ಯಾವುದು ಅಂತ ತಿಳಿಯುವಷ್ಟು ಬರುತ್ತದೆ. ಕಲಿಯದೆ ಇದ್ದಿದ್ದರೆ ನಿಮ್ಮ ಹಾಗೆ ಖುಷಿಯಾಗಿ ಇರುತ್ತಿದ್ದೆ.

ಕುಂದಾಪ್ರದ_ಕಾಣೆ_ಮೀನು:
ಹೊಡೆದರು ನೋಡಿ.

ಜಯನಗರ_4ನೇ_ಬ್ಲಾಕ್:
ನನ್ನ ದನದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹೈನು_ಡಾಕ್ಟ್ರು:
ಸುಮ್ನೆ ಓದುತ್ತಿದ್ದೆ, ಇದಕ್ಕೆ ಮಾತ್ರ ಬಾಯಿ ಬಿಡಲೇಬೇಕು. ನಾನು ಪಶುವೈದ್ಯ. ಈರುಳ್ಳಿ ಜಾಸ್ತಿ ತಿಂದರೆ ದನದ ರಕ್ತದ ಕೆಂಪು ಕಣ ಒಡೆಯುತ್ತದೆ, ರಕ್ತಹೀನತೆ ಬರುತ್ತದೆ, ಮೂತ್ರ ಕೆಂಪಾಗುತ್ತದೆ. ಈರುಳ್ಳಿ ವಿಷಕ್ಕೆ ಬೇಗ ಬೀಳುವ ಸಾಕುಪ್ರಾಣಿಗಳಲ್ಲಿ ದನವೂ ಒಂದು. ಅದು ತಿನ್ನುತ್ತದೆ ಅನ್ನುವುದಕ್ಕೂ ಅದಕ್ಕೆ ತಿನ್ನಿಸಬಹುದು ಅನ್ನುವುದಕ್ಕೂ ವ್ಯತ್ಯಾಸವಿದೆ.

ಜಯನಗರ_4ನೇ_ಬ್ಲಾಕ್:
"ಜಾಸ್ತಿ ತಿಂದರೆ" ಅಂದಿದ್ದೀರಿ. ಅಂದರೆ ಕಮ್ಮಿ ತಿಂದರೆ ಪರವಾಗಿಲ್ಲ. ಸುಬ್ಬಣ್ಣನ ಮನೆಯಲ್ಲಿ ಎಷ್ಟು ಈರುಳ್ಳಿ ಖರ್ಚಾಗುತ್ತದೆ? ದಿನಕ್ಕೆರಡು? ಅದಕ್ಕೆ ದನ ಸಾಯಲ್ಲ.

ಹೈನು_ಡಾಕ್ಟ್ರು:
ಅಪಾರ್ಟ್‌ಮೆಂಟಿನಲ್ಲಿ ಸುಬ್ಬಣ್ಣ ಒಬ್ಬರೇ ಇದ್ದಾರಾ ಸ್ವಾಮಿ? ಎಲ್ಲರ ಬಕೆಟ್ಟೂ ಒಂದೇ ಡಬ್ಬಿಗೆ ತಾನೇ ಹೋಗೋದು?

ಹಳೇ_ಪರದೇಶಿ:
ಅಲ್ಲದೆ ಕೊರಿಯಾದಲ್ಲಿ ಆ ಮೇವು ದನಕ್ಕಲ್ಲ, ಕೋಳಿ, ಹಂದಿಯಂಥ ಪ್ರಾಣಿಗಳಿಗೆ. ಮತ್ತೆ ಸಿಪ್ಪೆಯ ತಕರಾರು ವಿಷದ್ದಷ್ಟೇ ಅಲ್ಲ. ಒಣ ಸಿಪ್ಪೆ, ನಾರು, ಕಾಳಿನ ಹೊಟ್ಟು ಅರೆಯುವ ಯಂತ್ರಕ್ಕೆ ಸುತ್ತಿಕೊಳ್ಳುತ್ತವೆ. ಮೆಣಸಿನಕಾಯಿ ಬೀಜ, ತೊಟ್ಟು ಕೂಡ ಸಾಮಾನ್ಯ ಕಸವೇ. ಆದರೆ ಒಂದು ಮಾತು ನೆನಪಿಡಿ, ಪಟ್ಟಿ ಊರಿಂದ ಊರಿಗೆ, ಗು (ನಗರದೊಳಗಿನ ವಿಭಾಗ) ಇಂದ ಗುಗೆ ಸ್ವಲ್ಪ ಬೇರೆ ಇರುತ್ತದೆ.

ಜಯನಗರ_4ನೇ_ಬ್ಲಾಕ್:
"ಸ್ವಲ್ಪ ಬೇರೆ ಇರುತ್ತದೆ"! ನೋಡಿದಿರಾ? ಅವರಿಗೇ ಖಚಿತ ಇಲ್ಲ. ಅದಕ್ಕೇ ಹೇಳಿದ್ದು.

ಹಾಸನದ_ಹುಡುಗಿ:
ನೀವು ಕೊರಿಯಾದಲ್ಲಿ ಎಷ್ಟು ವರ್ಷ ಇದ್ದಿರಿ ಅಂತ ಕೇಳಬಹುದಾ?

ಜಯನಗರ_4ನೇ_ಬ್ಲಾಕ್:
ಟೂರಿಗೆ ಹೋಗಿದ್ದೆ. ಸೋಲ್, ಬುಸಾನ್, ಜೇಜು. ವರ್ಷಗಟ್ಟಲೆ ಇದ್ದವರಿಗೆ ಕಾಣದ್ದು ಹೊಸಬರಿಗೆ ಕಾಣುತ್ತದೆ.

ಧಾರವಾಡ_ಪೇಡ:
ಟೂರಿನಲ್ಲಿ ಹೋಟೆಲಿನವರು ನಿಮ್ಮ ಕಸ ಎತ್ತಿರುತ್ತಾರೆ. ಆದರೂ ದನದ ವಿಷಯದಲ್ಲಿ ನಾನು ಜಯನಗರದವರ ಕಡೆ. ನಮ್ಮ ಹೊಲದ ಎತ್ತು ಉಳ್ಳಾಗಡ್ಡಿ ಸೊಪ್ಪು ತಿಂದು ಬೆಳೆದಿದೆ, ಇವತ್ತಿಗೂ ಗಟ್ಟಿ.

ಹೈನು_ಡಾಕ್ಟ್ರು:
ಹಸಿ ಸೊಪ್ಪಿನಲ್ಲೂ ಅದೇ ಅಂಶ ಇದೆ. ಸ್ವಲ್ಪ ಸ್ವಲ್ಪ, ಬೇರೆ ಮೇವಿನ ಜೊತೆ ತಿಂದಿರುತ್ತದೆ, ಅದಕ್ಕೇ ಗಟ್ಟಿ. ಬೇಕಾದರೆ ಒಂದು ವಾರ ಬರೀ ಈರುಳ್ಳಿ ಹಾಕಿ ನೋಡಿ. ಬೇಡ, ದಯವಿಟ್ಟು ಹಾಕಬೇಡಿ. ಹೇಳಿದ್ದನ್ನು ಮಾಡಿಬಿಡುವವರು ನೀವು.

ಸುವಾನ್_ಸುಬ್ಬಣ್ಣ:
ದನ, ಎತ್ತು, ಹೊಲ... ನಾನು ಕೇಳಿದ್ದೇನು, ನೀವೆಲ್ಲ ಹೇಳುತ್ತಿರುವುದೇನು? ನನಗೆ ಸಿಟ್ಟು ಬಂದಿದ್ದು ಸಿಪ್ಪೆಗಲ್ಲ. ಎಲ್ಲಾ ಕಡೆ ಇದೇ ಕಥೆ. ಆನ್‌ಲೈನಿನಲ್ಲಿ ಮಗುವಿಗೆ ಒಂದು ಸೈಕಲ್ ಕೊಳ್ಳೋಣ ಅಂದರೆ ಮೊಬೈಲ್ ನಂಬರ್ ಹಾಕಿ ನೀವು ನೀವೇ ಅಂತ ಸಾಬೀತು ಮಾಡಿ ಅನ್ನುತ್ತದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಒಂದು ರೈಲಿನಷ್ಟು ಉದ್ದ. ಬ್ಯಾಂಕಿನಲ್ಲಿ ಅರ್ಧಕ್ಕೆ ಕತ್ತರಿಸಿದ್ದಾರೆ, ಫೋನ್ ಅಂಗಡಿಯಲ್ಲಿ ಜಾಗ ಬಿಡದೆ ಒಟ್ಟಿಗೆ ಬರೆದಿದ್ದಾರೆ, ಕಾರ್ಡಿನಲ್ಲಿ ಹಿಂದುಮುಂದು. ಮೂರೂ ಹೊಂದದೆ ಪ್ರತಿ ಸಲ "ಮಾಹಿತಿ ಸರಿಯಿಲ್ಲ" ಅಂತ ಬರುತ್ತದೆ. ಕೊನೆಗೆ ಪಕ್ಕದ ಸೀಟಿನವನ ಕೈಕಾಲು ಹಿಡಿದು ಅವನ ಹೆಸರಿನಲ್ಲಿ ಸೈಕಲ್ ತರಿಸಿದೆ. ಇಷ್ಟು ದೊಡ್ಡ ದೇಶ, ಇಷ್ಟು ಜನ ಹೊರಗಿನವರು ದುಡಿಯುತ್ತಿದ್ದಾರೆ, ತಮ್ಮಂಥ ಮೂರಕ್ಷರದ ಹೆಸರು ಬಿಟ್ಟು ಬೇರೆ ಹೆಸರು ಇರಬಹುದು ಅಂತ ಇವರಿಗೆ ಹೊಳೆಯುವುದೇ ಇಲ್ಲವಾ?

ಕುಂದಾಪ್ರದ_ಕಾಣೆ_ಮೀನು:
ಸೈಕಲ್ ಎಷ್ಟಾಯಿತು?

ಧಾರವಾಡ_ಪೇಡ:
ಸುಬ್ಬಣ್ಣ ಹೇಳಿದ್ದು ನೂರಕ್ಕೆ ನೂರು. ಹೊರಗಿನವರನ್ನು ಬೇರೆ ಥರ ನೋಡಬಾರದು ಅಂತ ಎಲ್ಲರಿಗೂ ಅನ್ವಯಿಸುವ ಒಂದು ಕಾನೂನು ಈ ದೇಶದಲ್ಲಿಲ್ಲ. 2007ರಿಂದ ಮಸೂದೆ ತರುತ್ತಾರೆ, ಬೀಳುತ್ತದೆ, ತರುತ್ತಾರೆ, ಬೀಳುತ್ತದೆ.

ಹಳೇ_ಪರದೇಶಿ:
ಬೆಂಗಳೂರಿನಲ್ಲಿ ಮಾಂಸ ತಿನ್ನುತ್ತೀರಾ, ಮದುವೆ ಆಗಿದೆಯಾ ಅಂತ ಕೇಳಿ ಬಾಡಿಗೆ ಮನೆ ಇಲ್ಲ ಅನ್ನುತ್ತಾರೆ. ಈಶಾನ್ಯದ ಹುಡುಗರನ್ನು ಕೇಳಿ ನೋಡಿ. ಅದಕ್ಕೆ ಯಾವ ಕಾನೂನು ಅಡ್ಡ ಬಂದಿದೆ?

ಧಾರವಾಡ_ಪೇಡ:
ಬಂತು ನೋಡ್ರಿ! ಕೊರಿಯಾ ಅಂದರೆ ಬೆಂಗಳೂರು ಅಂತೀರಿ. ಅಲ್ಲಿ ತಪ್ಪಾದರೆ ಇಲ್ಲಿ ಸರಿಯಾಗುತ್ತದಾ? ನೀವು ಇಲ್ಲಿ ಇಷ್ಟು ವರ್ಷ ಇದ್ದು ಅವರ ವಕೀಲರಾಗಿದ್ದೀರಿ, ಫೀಜು ಮಾತ್ರ ಯಾರೂ ಕೊಟ್ಟಿಲ್ಲ.

ಹಳೇ_ಪರದೇಶಿ:
ವಕೀಲಿಕೆಯಲ್ಲ, ನಾನು ಹೇಳುತ್ತಿರುವುದು ಅಜೊಸ್ಸಿಗಳ ಸ್ಥಿತಿ. ಬಹಳಷ್ಟು ಜನ ಬೇರೆ ಕೆಲಸದಿಂದ ನಿವೃತ್ತರಾದವರು, ವರ್ಷಕ್ಕೋ ಅದಕ್ಕಿಂತ ಕಮ್ಮಿಗೋ ಗುತ್ತಿಗೆ. ನಿವಾಸಿಗಳ ಸಭೆಯಲ್ಲಿ ಒಬ್ಬರು ದೂರು ಕೊಟ್ಟರೆ ಮುಂದಿನ ಸಲ ಗುತ್ತಿಗೆ ಸಿಗುವುದಿಲ್ಲ. ಅವರು ಪಕ್ಕದ ಮನೆಯವರನ್ನು ಬೈಯಲು ಹೆದರುತ್ತಾರೆ.

ಸುವಾನ್_ಸುಬ್ಬಣ್ಣ:
"ಪಕ್ಕದ ಮನೆಯವರನ್ನು ಬೈಯಲು ಹೆದರುತ್ತಾರೆ." ಅಂದರೆ ನನ್ನನ್ನು ಬೈಯಲು ಹೆದರುವುದಿಲ್ಲ. ಮೊದಲಿಂದ ನಾನು ಹೇಳುತ್ತಿರುವುದು ಇದನ್ನೇ ತಾನೇ?

ಹಾಸನದ_ಹುಡುಗಿ:
ನೀವು ಸಿಪ್ಪೆ ಹಾಕದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಅದನ್ನು ಮಾತ್ರ ಯಾರೂ ಮಾತಾಡುವುದಿಲ್ಲ.

ಧಾರವಾಡ_ಪೇಡ:
ನಾನು ಮೂಳೆ ಹಾಕಿರಲಿಲ್ಲ ಮೇಡಂ. ಬಾಗಿಲು ತಟ್ಟಿದರು. ಅದನ್ನು ನೀವು ಮಾತಾಡುವುದಿಲ್ಲ.

ಹಾಸನದ_ಹುಡುಗಿ:
ನಾನು ಸುಬ್ಬಣ್ಣನವರಿಗೆ ಉತ್ತರ ಕೊಡುತ್ತಿದ್ದೆ.

ಕುಂದಾಪ್ರದ_ಕಾಣೆ_ಮೀನು:
ಫಿಲ್ಟರ್ ಕಾಫಿ ಚರಟ ಯಾವುದಕ್ಕೆ ಹಾಕಬೇಕು? ಇಷ್ಟು ದಿನ ಸಿಂಕಿಗೆ ಬಿಡುತ್ತಿದ್ದೆ, ಈಗ ಕಟ್ಟಿಕೊಂಡಿದೆ, ಮನೆ ಓನರ್ ಕೂಗಾಡುತ್ತಿದ್ದಾರೆ.

ಹಳೇ_ಪರದೇಶಿ:
ಸಾಮಾನ್ಯ ಕಸದ ಚೀಲಕ್ಕೆ. ನೀರು ಹಿಂಡಿ ಹಾಕಿ. ಚೀಲ ಮಾತ್ರ ನಿಮ್ಮ ಊರಿನ ಹೆಸರು ಅಚ್ಚಾಗಿದ್ದೇ ಆಗಬೇಕು, ಕನ್ವೀನಿಯನ್ಸ್ ಸ್ಟೋರಿನಲ್ಲಿ ಸಿಗುತ್ತದೆ.

ಜಯನಗರ_4ನೇ_ಬ್ಲಾಕ್:
ಡಾಕ್ಟ್ರೇ, ಭಾನುವಾರ ನಮ್ಮ ಬೀದಿ ದನ ಈರುಳ್ಳಿ ಸಿಪ್ಪೆ ತಿನ್ನುವ ವಿಡಿಯೋ ಹಾಕುತ್ತೇನೆ. ನೋಡಿಕೊಂಡು ಮಾತಾಡಿ.

ಹೈನು_ಡಾಕ್ಟ್ರು:
ಹಾಕಿ. ಹಾಗೇ ಬುಧವಾರ ಅದು ಉಚ್ಚೆ ಹೊಯ್ಯುವ ವಿಡಿಯೋ ಕೂಡ ಹಾಕಿ.