ಹೊಟ್ಟೇಲಿರೋ ಮಗೂಗೆ ನಮ್ಮ ಮಾತು ಕೇಳಿಸುತ್ತಾ?

ಪ್ರಶ್ನೆ: ನಂಗೀಗ 26ನೇ ವಾರ. ಅಮ್ಮ ದಿನಾ ಫೋನ್ ಮಾಡಿ ಮಗು ಹತ್ರ ಮಾತಾಡು, ಹಾಡು ಹೇಳು ಅಂತಾರೆ, ಜೊತೆಗೆ ಅಭಿಮನ್ಯು ಕಥೆ ಬೇರೆ. ಒಬ್ಳೇ ಕೂತು ಮಾತಾಡೋಕೆ ಒಂಥರಾ ಸಂಕೋಚ ಆಗುತ್ತೆ. ನಿಜವಾಗ್ಲೂ ಕೇಳಿಸುತ್ತಾ? ಹೊಟ್ಟೆ ಮೇಲೆ ಹೆಡ್‌ಫೋನ್ ಇಡಬಹುದಾ?

ಉತ್ತರ 1: ಕೇಳಿಸುತ್ತೆ ಕಣ್ರೀ. ನಿಮ್ಮ ಧ್ವನಿ ಮೈಯೊಳಗಿಂದಾನೂ ಹೋಗುತ್ತಲ್ಲ, ಅದಕ್ಕೇ ಬೇರೆಯವರದ್ದಕ್ಕಿಂತ ಚೆನ್ನಾಗಿ ತಲುಪುತ್ತೆ. 1980ರಲ್ಲೇ ಅಮೆರಿಕದ ಡಿಕ್ಯಾಸ್ಪರ್, ಫೈಫರ್ ಅನ್ನೋ ಸಂಶೋಧಕರು ಆಗಷ್ಟೇ ಹುಟ್ಟಿದ ಮಕ್ಕಳ ಬಾಯಿಗೆ ನಿಪ್ಪಲ್ ಕೊಟ್ಟು, ಚೀಪೋ ರೀತಿ ಮೇಲೆ ಅಮ್ಮನ ಧ್ವನಿನೋ ಬೇರೆ ಹೆಂಗಸಿನ ಧ್ವನಿನೋ ಕೇಳಿಸೋ ಹಾಗೆ ಮಾಡಿ ನೋಡಿದ್ರು, ಅಮ್ಮನ ಧ್ವನಿ ಕೇಳಿಸ್ಲಿ ಅಂತ ಮಕ್ಕಳು ಚೀಪೋ ರೀತೀನೇ ಬದಲಾಯಿಸ್ತಿದ್ವು. ಹೆಡ್‌ಫೋನ್ ಬೇಡ, ಸೌಂಡ್ ಮಗೂಗೆ ಜಾಸ್ತಿ ಆಗಬಹುದು.

ಉತ್ತರ 2: ಸಂಕೋಚ ನಂಗೂ ಇತ್ತಮ್ಮ, ಆಮೇಲೆ ಸಂಜೆ ಸೊಪ್ಪು ಬಿಡಿಸ್ತಾ ನಮ್ಮಜ್ಜಿ ಹೇಳ್ತಿದ್ದ ಜೋಗುಳ ಗುನುಗೋಕೆ ಶುರು ಮಾಡ್ದೆ, ಮಗಳು ಹುಟ್ಟಿದ್ಮೇಲೆ ಎಷ್ಟೇ ಅಳ್ತಿದ್ರೂ ಅದೇ ಹಾಡು ಹೇಳಿದ್ರೆ ಕಣ್ಣು ಅಗಲ ಮಾಡಿ ಸುಮ್ಮನಾಗೋಳು. ರಾಗ ತಪ್ಪಿದ್ರೂ ಪರ್ವಾಗಿಲ್ಲ ಹಾಡಿ.

ಉತ್ತರ 3: ನಿಮ್ಮ ಯಜಮಾನ್ರಿಗೂ ಮಾತಾಡೋಕೆ ಹೇಳಿ. ನಮ್ಮನೇಲಿ ಅವ್ರು ಆಫೀಸಿಂದ ಬಂದು "ಏನ್ ಪುಟ್ಟಾ" ಅಂದ್ರೆ ಸಾಕು, ಒಂದು ಒದೆ ಬೀಳ್ತಿತ್ತು!